ಆಸ್ತಮಾ ಇರುವವರ ಮನೆಯಲ್ಲಿ ನಾಯಿ: ಮಲಗುವ ಕೋಣೆಯೇ ಮುಖ್ಯ

ನಾಯಿ ತಂದ ಕೆಲವೇ ತಿಂಗಳಲ್ಲಿ ಮಗುವಿಗೆ ಉಬ್ಬಸ ಹೆಚ್ಚಾಯಿತೆಂದು ಅದನ್ನು ಊರಾಚೆ ಬಿಟ್ಟುಬಂದವರನ್ನು ನಾನು ಬಲ್ಲೆ. ನಾಯಿಯನ್ನು ಬಿಡಲಾರದೆ, ರಾತ್ರಿಯೆಲ್ಲ ಎದ್ದು ಕುಳಿತು ಉಸಿರಿಗಾಗಿ ಹೆಣಗುವವರನ್ನೂ ಬಲ್ಲೆ. ಇವರಲ್ಲಿ ಹೆಚ್ಚಿನವರು ಮಾಡಬೇಕಾದ ಕೆಲಸವನ್ನು ಶುರು ಮಾಡಿ ಅರ್ಧಕ್ಕೆ ಬಿಟ್ಟವರು. ನನಗೆ ಚಿಕ್ಕಂದಿನಿಂದ ಆಸ್ತಮಾ ಇದೆ; ಮೈಸೂರಿನ ನಮ್ಮ ಮನೆಯಲ್ಲಿ ಏಳು ವರ್ಷಗಳಿಂದ ಕೆಂಚನೆಂಬ ನಾಟಿ ನಾಯಿಯೂ ಇದೆ. ಇಲ್ಲಿ ಬರೆದಿರುವ ಕ್ರಮವನ್ನು ನಾವು ಮನೆಯಲ್ಲಿ ದಿನವೂ ಪಾಲಿಸುತ್ತಿದ್ದೇವೆ.

ಅಲರ್ಜಿ ತರುವುದು ನಾಯಿಯ ಕೂದಲಲ್ಲ. ಅದರ ಜೊಲ್ಲು, ಚರ್ಮದಿಂದ ಉದುರುವ ಹೊಟ್ಟು ಮತ್ತು ಮೂತ್ರದಲ್ಲಿರುವ ಕೆಲವು ಪ್ರೋಟೀನ್‌ಗಳು ನಮ್ಮ ದೇಹವನ್ನು ಕೆರಳಿಸುತ್ತವೆ. ಇವುಗಳಲ್ಲಿ ಮುಖ್ಯವಾದದ್ದಕ್ಕೆ ಕ್ಯಾನ್ ಎಫ್ 1 ಎಂದು ಹೆಸರು. ನಾಯಿ ಮೈ ನೆಕ್ಕಿಕೊಂಡಾಗ ಕೂದಲಿಗೆ ಅಂಟಿದ ಜೊಲ್ಲು ಒಣಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ಮುಧೋಳ ನಾಯಿಯ ಕೂದಲು ಗಿಡ್ಡ, ಅದರಿಂದ ತೊಂದರೆಯಿಲ್ಲ ಎಂಬ ಮಾತನ್ನಾಗಲಿ, ಪೂಡಲ್ ಜಾತಿ ಅಲರ್ಜಿಯನ್ನೇ ತರುವುದಿಲ್ಲವೆಂದು ಹೆಚ್ಚು ಬೆಲೆ ಹೇಳುವ ಮಾರಾಟಗಾರರ ಮಾತನ್ನಾಗಲಿ ನಂಬಬೇಡಿ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಅಲರ್ಜಿ ತರುವುದಿಲ್ಲವೆಂದು ಹೆಸರಾದ ಜಾತಿಗಳ ಮೈಗೂದಲಿನಲ್ಲಿ ಈ ಪ್ರೋಟೀನ್ ಉಳಿದ ನಾಯಿಗಳಿಗಿಂತ ಹೆಚ್ಚೇ ಇತ್ತು. ಒಂದೇ ಜಾತಿಯ ಎರಡು ನಾಯಿಗಳ ನಡುವೆಯೂ ಬಹಳ ವ್ಯತ್ಯಾಸವಿರುವುದರಿಂದ, ಹೊಸದಾಗಿ ತರುವವರು ಜಾತಿಯನ್ನು ಆರಿಸುವ ಬದಲು, ತರಬೇಕೆಂದಿರುವ ಅದೇ ನಾಯಿಯೊಂದಿಗೆ ಮೂರು ನಾಲ್ಕು ದಿನ ಒಂದೊಂದು ಗಂಟೆ ಕೋಣೆಯೊಳಗೆ ಕುಳಿತು ನೋಡಬೇಕು. ಇನ್ಹೇಲರ್ ಜೇಬಿನಲ್ಲಿರಲಿ.

ಮೊದಲ ಹೆಜ್ಜೆ ಪರೀಕ್ಷೆ. ಉಬ್ಬಸಕ್ಕೆ ನಾಯಿಯೇ ಕಾರಣವೆಂದು ಊಹೆಯಿಂದ ತೀರ್ಮಾನಿಸಬಾರದು; ಹಾಸಿಗೆಯ ಧೂಳಿನಲ್ಲಿರುವ ನುಸಿ, ಜಿರಲೆ, ಮಳೆಗಾಲದ ಬೂಷ್ಟು, ಪಾರ್ಥೇನಿಯಂ ಪರಾಗ ಇವೆಲ್ಲವೂ ಅದೇ ಸೀನು, ಅದೇ ಉಬ್ಬಸವನ್ನು ತರುತ್ತವೆ. ನಾಯಿಯನ್ನು ಒಂದು ವಾರ ಊರಿಗೆ ಕಳಿಸಿ, ವ್ಯತ್ಯಾಸ ಕಾಣಲಿಲ್ಲವಾದ್ದರಿಂದ ತಪ್ಪು ಅದರದ್ದಲ್ಲ ಎನ್ನುವವರಿದ್ದಾರೆ. ನಾಯಿ ಹೋದ ಮೇಲೂ ಅದರ ಪ್ರೋಟೀನ್ ಹಾಸಿಗೆ, ಸೋಫಾ, ಪರದೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆಯಾದ್ದರಿಂದ ಆ ಪ್ರಯೋಗದಿಂದ ಏನೂ ತಿಳಿಯುವುದಿಲ್ಲ. ಅಲರ್ಜಿ ತಜ್ಞರಲ್ಲಿ ಚರ್ಮದ ಚುಚ್ಚು ಪರೀಕ್ಷೆಯನ್ನೋ ರಕ್ತಪರೀಕ್ಷೆಯನ್ನೋ ಮಾಡಿಸಿಕೊಳ್ಳಿ. ಚುಚ್ಚು ಪರೀಕ್ಷೆಗೆ ಮೊದಲು ಸೆಟ್ರಿಜಿನ್‌ನಂತಹ ಅಲರ್ಜಿ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ದಿನ ನಿಲ್ಲಿಸಬೇಕಾಗುತ್ತದೆ, ಆದರೆ ಇನ್ಹೇಲರ್ ನಿಲ್ಲಿಸುವ ಅಗತ್ಯವಿಲ್ಲ. ಕೆಲವರಿಗೆ ಗಂಡು ನಾಯಿಯಲ್ಲಿ ಮಾತ್ರ ತಯಾರಾಗುವ ಕ್ಯಾನ್ ಎಫ್ 5 ಎಂಬ ಪ್ರೋಟೀನ್ ಒಂದೇ ಒಗ್ಗುವುದಿಲ್ಲ. ಅಂಥವರಿಗೆ ಹೆಣ್ಣು ನಾಯಿ ಒಗ್ಗಬಹುದಾದ್ದರಿಂದ ಈ ವಿಷಯವನ್ನು ಕೇಳಿಯೇ ಬನ್ನಿ.

ಎರಡನೆಯದು ಔಷಧ. ದಿನವೂ ಎಳೆದುಕೊಳ್ಳಬೇಕಾದ, ಉಬ್ಬಸ ಬರದಂತೆ ತಡೆಯುವ ಇನ್ಹೇಲರನ್ನು ಚೆನ್ನಾಗಿದ್ದೇನೆಂದು ಬಿಡಬೇಡಿ, ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಇನ್ಹೇಲರ್ ಚಟವಾಗುತ್ತದೆಂಬ ನೆರೆಹೊರೆಯವರ ಮಾತಿಗೆ ಆಧಾರವಿಲ್ಲ.

ಮೂರನೆಯ ಹೆಜ್ಜೆ ಮಲಗುವ ಕೋಣೆ. ಬಹುತೇಕ ಎಲ್ಲರೂ ಸೋಲುವುದು ಇಲ್ಲಿಯೇ. ದಿನದ ಏಳೆಂಟು ಗಂಟೆ ನಾವು ಒಂದೇ ಗಾಳಿಯನ್ನು ಉಸಿರಾಡುವುದು ಆ ಕೋಣೆಯಲ್ಲಾದ್ದರಿಂದ ಅಲ್ಲಿಗೆ ನಾಯಿ ಬರಲೇಬಾರದು. ಹಗಲು ಬರಲಿ, ರಾತ್ರಿ ಬೇಡ ಎಂಬ ರಾಜಿಯಿಂದ ಪ್ರಯೋಜನವಿಲ್ಲ. ಬಾಗಿಲು ಮುಚ್ಚಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ, ಏಕೆಂದರೆ ಆವರೆಗೆ ಸೇರಿಕೊಂಡದ್ದೆಲ್ಲ ಒಳಗೇ ಇರುತ್ತದೆ. ನಾವು ಬಾಗಿಲು ಮುಚ್ಚಿ ಎರಡು ವಾರ ಕಳೆದರೂ ನನ್ನ ರಾತ್ರಿಯ ಕೆಮ್ಮು ಇಳಿಯಲಿಲ್ಲ. ಕೊನೆಗೆ ಹೆಂಡತಿ ಸ್ಟೂಲು ಹತ್ತಿ ಫ್ಯಾನಿನ ರೆಕ್ಕೆಯ ಮೇಲೆ ಒದ್ದೆ ಬಟ್ಟೆ ಎಳೆದಾಗ, ಬೂದು ಬಣ್ಣದ ಜಿಡ್ಡಿನ ಪದರದೊಳಗೆ ಕೆಂಚನ ಕಂದು ಕೂದಲು ಒತ್ತಾಗಿ ನೆಯ್ದಂತೆ ಕೂತಿತ್ತು. ಆ ಫ್ಯಾನನ್ನು ನಾವು ಪ್ರತಿ ರಾತ್ರಿ ನನ್ನ ಮುಖದ ಮೇಲೆಯೇ ತಿರುಗಿಸುತ್ತಿದ್ದೆವು.

ಕೋಣೆಯನ್ನು ಖಾಲಿ ಮಾಡುವ ಕೆಲಸಕ್ಕೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಈ ಕೆಲಸವನ್ನು ಅಲರ್ಜಿ ಇಲ್ಲದವರು ಮಾಡಬೇಕು. ಬೇರೆ ಯಾರೂ ಇಲ್ಲದಿದ್ದರೆ ಎನ್-95 ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆದು ಮಾಡಿ, ಮುಗಿದ ಮೇಲೆ ಒಂದೆರಡು ಗಂಟೆ ಆ ಕೋಣೆಗೆ ಹೋಗಬೇಡಿ. ಮೇಲಿನಿಂದ ಕೆಳಕ್ಕೆ ಬನ್ನಿ: ಮೊದಲು ಫ್ಯಾನು, ಆಮೇಲೆ ಸಜ್ಜೆ ಮತ್ತು ಬೀರುವಿನ ತಲೆ, ಆಮೇಲೆ ಗೋಡೆ, ಕಿಟಕಿಯ ಸರಳು, ಮಂಚದ ಕಾಲು, ಕೊನೆಗೆ ನೆಲ. ಒಣ ಬಟ್ಟೆಯಿಂದ ಝಾಡಿಸದೆ, ಒದ್ದೆ ಬಟ್ಟೆಯಿಂದ ಒರೆಸಿ, ಪ್ರತಿ ಸಲ ನೀರು ಬದಲಿಸಿ. ಜಮಖಾನ, ಕಾರ್ಪೆಟ್, ದಪ್ಪ ಪರದೆಗಳನ್ನು ಆ ಕೋಣೆಯಿಂದ ತೆಗೆದೇಬಿಡಿ. ತೆಳುವಾದ ಹತ್ತಿಯ ಪರದೆಯಾದರೆ ತಿಂಗಳಿಗೆರಡು ಸಲ ಒಗೆಯಬಹುದು. ನಾಯಿ ಮಲಗುತ್ತಿದ್ದ ಹಳೆಯ ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಬಡಿದರೆ ಸಾಲದು, ಸಾಧ್ಯವಿದ್ದರೆ ಅದನ್ನು ಬದಲಿಸಿ. ಆಗದಿದ್ದರೆ ಹಾಸಿಗೆಗೂ ದಿಂಬಿಗೂ ಜಿಪ್ ಇರುವ, ಒತ್ತಾದ ನೇಯ್ಗೆಯ ಅಲರ್ಜಿ ಗವಸು ಹಾಕಿ. ಹಾಸುಬಟ್ಟೆ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆದರೆ ಧೂಳಿನ ನುಸಿಯೂ ಸಾಯುತ್ತದೆ.

ಆ ದಿನದ ನಂತರ ಅತಿ ದೊಡ್ಡ ತಪ್ಪು ಪೊರಕೆಯದು. ಬೆಳಿಗ್ಗೆ ಎದ್ದ ಕೂಡಲೇ ಒಣ ಪೊರಕೆಯಿಂದ ಕಸ ಗುಡಿಸಿದರೆ ನೆಲದಲ್ಲಿದ್ದುದೆಲ್ಲ ಮೂಗಿನ ಮಟ್ಟಕ್ಕೆ ಏಳುತ್ತದೆ. ನಮ್ಮಲ್ಲಿ ಪೊರಕೆಯನ್ನು ಅಂಗಳಕ್ಕೆ ಮಾತ್ರ ಇಟ್ಟು, ಮನೆಯೊಳಗೆ ಮೊದಲು ಒದ್ದೆ ಮಾಪ್ ಎಳೆದು ಕಸವನ್ನು ಮುದ್ದೆಯಾಗಿ ಎತ್ತುತ್ತೇವೆ. ಹೊರಗೆ ನಾಯಿಯನ್ನು ಅಪ್ಪಿಕೊಂಡ ಬಟ್ಟೆಯಲ್ಲೇ ಮಂಚದ ಮೇಲೆ ಕೂರಬೇಡಿ. ಮಲಗುವ ಮುಂಚೆ ಬಟ್ಟೆ ಬದಲಿಸಿ, ಕೈ ಮುಖ ತೊಳೆದುಕೊಳ್ಳಿ. ಕೆಂಚ ಮೊದಲ ವಾರ ಬಾಗಿಲು ಕೆರೆದು ಅತ್ತ. ನಾವು ಅವನ ಗೋಣಿಚೀಲವನ್ನು ಹೊಸ್ತಿಲಿನ ಹೊರಗೆ, ನನ್ನ ದನಿ ಕೇಳುವಷ್ಟು ಹತ್ತಿರದಲ್ಲಿ ಹಾಕಿದೆವು. ಈಗ ಬಾಗಿಲು ತೆರೆದಿದ್ದರೂ ಅವನು ಮೂತಿಯನ್ನು ಹೊಸ್ತಿಲ ಮರದ ಮೇಲಿಟ್ಟು ಮಲಗುತ್ತಾನೆಯೇ ಹೊರತು ಕಾಲನ್ನು ಒಳಗಿಡುವುದಿಲ್ಲ.

ಗಾಳಿ ಶುದ್ಧ ಮಾಡುವ ಯಂತ್ರ ಕೊಳ್ಳುವುದಾದರೆ ಹೆಪಾ ಫಿಲ್ಟರ್ ಇರುವುದನ್ನೇ, ಕೋಣೆಯ ಅಳತೆಗೆ ತಕ್ಕಂತೆ ಕೊಳ್ಳಿ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಅದು ಹಿಡಿಯಬಲ್ಲದು, ಆದರೆ ಹಾಸಿಗೆಯಲ್ಲಿ ಕೂತಿರುವುದನ್ನು ಹಿಡಿಯಲಾರದು. ಓಝೋನ್ ಬಿಡುವ ಯಂತ್ರಗಳನ್ನು ಮನೆಗೆ ತರಲೇಬೇಡಿ, ಓಝೋನ್ ಶ್ವಾಸನಾಳವನ್ನೇ ಕೆರಳಿಸುತ್ತದೆ. ನಾಯಿಯ ವಾಸನೆ ಮುಚ್ಚಲು ಊದುಬತ್ತಿ, ಸಾಂಬ್ರಾಣಿ ಹೊಗೆ, ಗಾಢವಾದ ಫಿನಾಯಿಲ್ ಬಳಸುವ ಮನೆಗಳಲ್ಲಿ ಉಬ್ಬಸಕ್ಕೆ ಇವೂ ಕಾರಣವಾಗಿರಬಹುದು. ಸೊಳ್ಳೆಬತ್ತಿಯನ್ನು ಬಿಟ್ಟು ಸೊಳ್ಳೆಪರದೆ ಕಟ್ಟಿಕೊಳ್ಳಿ.

ನಾಲ್ಕನೆಯದು ಸ್ನಾನ. ತೊಳೆದ ಮೂರು ದಿನಗಳಲ್ಲಿ ಪ್ರೋಟೀನ್ ಮತ್ತೆ ಮೊದಲಿನ ಮಟ್ಟಕ್ಕೆ ಬರುವುದರಿಂದ, ಸ್ನಾನದಿಂದ ಲಾಭವಾಗಬೇಕಾದರೆ ವಾರಕ್ಕೆರಡು ಸಲ ಮಾಡಿಸಬೇಕು. ಅಷ್ಟು ಸಲ ತೊಳೆಯಲು ನಾಯಿಗೆಂದೇ ಮಾಡಿದ ಸೌಮ್ಯ ಶಾಂಪೂ ಯಾವುದೆಂದು ಪಶುವೈದ್ಯರನ್ನು ಕೇಳಿ. ಮನುಷ್ಯರ ಸಾಬೂನಿನಿಂದ ಅದರ ಚರ್ಮ ಒಣಗಿ ಹೊಟ್ಟು ಇನ್ನಷ್ಟು ಉದುರುತ್ತದೆ. ಕೂದಲನ್ನು ಬೋಳಿಸುವುದಂತೂ ಬೇಡ. ಬಾಚುವುದನ್ನು ಅಲರ್ಜಿ ಇಲ್ಲದವರು ಅಂಗಳದಲ್ಲಿ ಮಾಡಲಿ. ಎಲ್ಲವನ್ನೂ ಮಾಡಲು ಪುರುಸೊತ್ತಿಲ್ಲದವರು ಸ್ನಾನವನ್ನು ಕಡಿಮೆ ಮಾಡಲಿ, ಕೋಣೆಯ ಶುಚಿಯನ್ನು ಕಡಿಮೆ ಮಾಡುವುದು ಬೇಡ.

ಇಷ್ಟೆಲ್ಲ ಮಾಡಿಯೂ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ತಕ್ಷಣದ ಪರಿಹಾರದ ಇನ್ಹೇಲರ್ ಬೇಕಾಗುತ್ತಿದ್ದರೆ, ಅಥವಾ ರಾತ್ರಿ ಉಬ್ಬಸದಿಂದ ಎಚ್ಚರವಾಗುತ್ತಿದ್ದರೆ, ಆಸ್ತಮಾ ಹತೋಟಿಯಲ್ಲಿಲ್ಲವೆಂದು ತಿಳಿದು ವೈದ್ಯರ ಬಳಿಗೆ ಹೋಗಿ. ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಇನ್ಹೇಲರ್‌ನಿಂದ ಉಸಿರು ಹಗುರವಾಗದಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ. ನಾಯಿ ಬೇರೆ ಮನೆಗೆ ಹೋಗಲೇಬೇಕೆಂದು ವೈದ್ಯರು ಹೇಳಿದರೆ ಅದನ್ನು ಬೀದಿಗೆ ಬಿಡದೆ, ಗುರುತಿನವರ ಮನೆಯೊಂದನ್ನು ಹುಡುಕಿ, ಲಸಿಕೆಯ ಪುಸ್ತಕದ ಸಮೇತ, ಅದು ಮಲಗುತ್ತಿದ್ದ ಗೋಣಿಚೀಲದ ಸಮೇತ ಒಪ್ಪಿಸಿ. ಅದು ಹೋದ ಮೇಲೆಯೂ ಫ್ಯಾನು, ಸಜ್ಜೆ, ಹಾಸಿಗೆಗಳನ್ನು ಇದೇ ಕ್ರಮದಲ್ಲಿ ಕೆಲವು ತಿಂಗಳು ಶುಚಿ ಮಾಡುತ್ತಿರಬೇಕು, ಮತ್ತು ವೈದ್ಯರು ಹೇಳುವವರೆಗೆ ಔಷಧದ ಪ್ರಮಾಣವನ್ನು ಸ್ವಲ್ಪವೂ ಕಡಿಮೆ ಮಾಡಬಾರದು.