ರೇಷ್ಮೆ ಮನೆಯ ಪಕ್ಕದಲ್ಲಿ, ಔಷಧ ಸಿಂಪಡಿಸದೆ ನಾಯಿಗಳ ಉಣ್ಣೆ ಹುಳ ಬಿಡಿಸಿದ ಬಗೆ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಬದಿಯಲ್ಲಿ ನಾನು ನಡೆಸುತ್ತಿರುವ ನಾಯಿಮನೆಯಲ್ಲಿ ಎರಡು ಬೇಸಿಗೆಗಳಿಂದ ಉಣ್ಣೆಯ ಕಾಟವಿಲ್ಲ. ನಾಯಿ ಇದ್ದ ಮೇಲೆ ಉಣ್ಣೆ ಇದ್ದೇ ಇರುತ್ತದೆ, ಕಡಿಮೆ ಮಾಡಬಹುದೇ ಹೊರತು ಇಲ್ಲವಾಗಿಸಲು ಆಗದು ಎಂದು ವಾದಿಸುತ್ತಿದ್ದ ಮೈಸೂರಿನ ಇಬ್ಬರು ಗೆಳೆಯರು ಕಳೆದ ಮೇ ತಿಂಗಳಲ್ಲಿ ಬಂದು, ಟಾರ್ಚ್ ಹಿಡಿದು ಗೋಡೆಯ ಮೂಲೆಗಳನ್ನೂ ನಾಯಿಗಳ ಕಿವಿಯ ಮಡಿಕೆಗಳನ್ನೂ ಬೆರಳ ಸಂದುಗಳನ್ನೂ ತಡಕಿ, ಒಂದನ್ನೂ ಕಾಣದೆ ಊಟ ಮಾಡಿಕೊಂಡು ಹೊರಟುಹೋದರು. ಹೇಗೆ ಮಾಡಿದಿರಿ ಎಂದು ಕೇಳುವವರು ಅಂದಿನಿಂದ ಹೆಚ್ಚಾಗಿರುವುದರಿಂದ ಒಂದೇ ಸಲ ಬರೆದಿಡುತ್ತಿದ್ದೇನೆ.

ನಮ್ಮದು ದೊಡ್ಡ ವ್ಯವಹಾರವೇನಲ್ಲ. ಸ್ವಂತದ್ದು ಎರಡು ಮುಧೋಳ, ಒಂದು ಜರ್ಮನ್ ಶೆಫರ್ಡ್, ಒಂದು ಲ್ಯಾಬ್ರಡಾರ್. ದಸರೆಯಲ್ಲೂ ಬೇಸಿಗೆ ರಜೆಯಲ್ಲೂ ಮೈಸೂರು, ಮಂಡ್ಯದ ಕಡೆಯವರು ಪ್ರವಾಸ ಹೋಗುವಾಗ ಬಿಟ್ಟುಹೋಗುವ ಅತಿಥಿ ನಾಯಿಗಳು ಏಳೆಂಟು. ಕಟ್ಟಡ ತಾತನ ಕಾಲದ ದನದ ಕೊಟ್ಟಿಗೆ: ಸೈಜುಗಲ್ಲಿನ ಗೋಡೆ, ಕಲ್ಲಿನ ನಡುವೆ ಉದುರಿಹೋದ ಮಣ್ಣು ಗಾರೆ, ಮೇಲೆ ಹೆಂಚು. ಉಣ್ಣೆಗೆ ಇದಕ್ಕಿಂತ ಒಳ್ಳೆಯ ಮನೆಯನ್ನು ಬೇಕೆಂದೇ ಕಟ್ಟಿಸಿದರೂ ಸಿಗಲಾರದು. ಕೊಟ್ಟಿಗೆಯಾಗಿದ್ದ ಕಾರಣ ದನದ ಉಣ್ಣೆಯೇ ನಾಯಿಗೆ ಹತ್ತುತ್ತಿದೆ ಎಂದು ಊರಿನವರು ಹೇಳುತ್ತಿದ್ದರು, ಅದು ತಪ್ಪು. ದನದ ಮೈಮೇಲೆ ಹೆಚ್ಚಾಗಿ ಇರುವುದು ಹುಟ್ಟಿನಿಂದ ರಕ್ತ ಕುಡಿದು ಉಬ್ಬುವವರೆಗೂ ಒಂದೇ ಪ್ರಾಣಿಯ ಮೇಲೆ ಕಾಲ ಕಳೆಯುವ ಜಾತಿ. ನಾಯಿಯ ಕಂದು ಉಣ್ಣೆ ಮೂರು ಸಲ ಮೈ ಹತ್ತಿ ಮೂರು ಸಲವೂ ಇಳಿದು ಗೋಡೆ ಸೇರುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ನನ್ನ ಕೈ ಕಟ್ಟಿಹಾಕಿದ್ದು ಬೇಲಿಯಾಚೆಗಿನ ಹಿಪ್ಪುನೇರಳೆ ತೋಟ, ಅದರ ತಲೆಗಿರುವ ರೇಷ್ಮೆ ಹುಳು ಮನೆ. ಉಣ್ಣೆಗೆ ಸಿಂಪಡಿಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ನಂಥ ಔಷಧಗಳು ಗಾಳಿಯಲ್ಲಿ ತೇಲಿಹೋಗಿ ಸೊಪ್ಪಿನ ಮೇಲೆ ಕೂತರೆ ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪಿಗೆ ಒಂದು ಮೊಟ್ಟೆ ಎನ್ನುತ್ತಾರೆ) ಮೇಯಿಸಿದರೆ ಅರವತ್ತು ಎಪ್ಪತ್ತು ಕೆ.ಜಿ. ಗೂಡು ಬರುತ್ತದೆ, ಹುಳು ನಾಲ್ಕನೆಯ ಜ್ವರ (ಪೊರೆ ಕಳಚುವ ನಿದ್ದೆ) ಎದ್ದು, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡುವ ಹೊತ್ತಿನಲ್ಲಿ ಆ ಬೆಳೆ ನನ್ನ ಪಂಪಿನಿಂದ ಹೋದರೆ ರಾಮನಗರದ ಗೂಡಿನ ಮಾರುಕಟ್ಟೆಯ ದುಡ್ಡನ್ನು ನಾನು ಕಟ್ಟಿಕೊಡಬೇಕಾಗುತ್ತಿತ್ತು. ತೋಟದ ಯಜಮಾನರು ಮೊದಲೇ ಹೇಳಿದ್ದರು: "ಅಣ್ಣ, ನಾಯಿಗೆ ಏನಾರ ಮಾಡ್ಕಳಿ, ಪಂಪ್ ಮಾತ್ರ ಹೆಗಲಿಗೆ ಹಾಕ್ಬ್ಯಾಡಿ." ಹೀಗಾಗಿ ನಾಯಿಮನೆ ನಡೆಸುವವರೆಲ್ಲ ಮೊದಲು ಹಿಡಿಯುವ ದಾರಿಯೇ ನನಗೆ ಮುಚ್ಚಿಹೋಗಿತ್ತು.

ಉಳಿದದ್ದು ಸ್ನಾನ. ಅಮಿಟ್ರಾಜ್ ಬೆರೆಸಿದ ನೀರಿನಲ್ಲಿ ಬೇಸಿಗೆಯುದ್ದಕ್ಕೂ ವಾರಕ್ಕೊಮ್ಮೆ ಎಲ್ಲ ನಾಯಿಗಳಿಗೂ ಮೈ ನೆನೆಸುತ್ತಿದ್ದೆವು. ನೆನೆಸಿದ ದಿನ ಉಣ್ಣೆ ಉದುರುತ್ತದೆ, ನೋಡಲು ತೃಪ್ತಿಯೂ ಆಗುತ್ತದೆ, ಐದಾರು ದಿನಕ್ಕೆ ಮತ್ತೆ ಅಷ್ಟೇ. ಔಷಧಕ್ಕೂ ಆಳಿಗೂ ಸೇರಿ ಆ ಒಂದು ಬೇಸಿಗೆಗೆ ಹನ್ನೆರಡು ಸಾವಿರದಷ್ಟು ಹೋಯಿತು. ಮುಧೋಳಗಳಲ್ಲಿ ಒಂದು ಪ್ರತಿ ಸಲವೂ ಅರ್ಧ ದಿನ ಮಂಕಾಗಿ ಬಿದ್ದಿರುತ್ತಿತ್ತು. ಅಮಿಟ್ರಾಜ್‌ಗೆ ಹೃದಯದ ಬಡಿತವನ್ನು ನಿಧಾನಗೊಳಿಸುವ ಗುಣವಿದೆ ಎಂದು ವೈದ್ಯರು ಹೇಳಿದ ಮೇಲೆ ಆ ನಾಯಿಗೆ ನಿಲ್ಲಿಸಿದೆ. ಸ್ನಾನದ ನೀರನ್ನು ಎಲ್ಲಿ ಚೆಲ್ಲುವುದು ಎಂಬುದು ಮತ್ತೊಂದು ತಲೆನೋವು. ನಾಲೆಗೆ ಬಿಟ್ಟರೆ ಮೀನು ಸಾಯುತ್ತವೆ, ತೋಟದ ಕಡೆಗೆ ಬಿಡುವಂತಿಲ್ಲ. ಕೊನೆಗೆ ಅದಕ್ಕೆಂದೇ ಒಂದು ಗುಂಡಿ ತೋಡಿಸಬೇಕಾಯಿತು. ಐವರ್‌ಮೆಕ್ಟಿನ್ ಚುಚ್ಚಿಸಿ ಎಂದವರೂ ಇದ್ದರು. ಕಜ್ಜಿಗೆ ಅದು ಸರಿ, ಬೆಳೆದ ಉಣ್ಣೆಗೆ ನೆಚ್ಚಿಕೊಳ್ಳುವಂತಿಲ್ಲ, ಕೋಲಿ (Collie) ತಳಿಯ ಅತಿಥಿ ನಾಯಿಗಳಿಗಂತೂ ಪ್ರಾಣಕ್ಕೇ ಅಪಾಯ.

ಹುಣಸೂರು ಕಡೆಯ ನೆಂಟರೊಬ್ಬರು ಹೊಗೆಸೊಪ್ಪಿನ ಪುಡಿ ಕಳುಹಿಸಿದರು. ನಾಯಿಗೆ ಹಚ್ಚುವ ಸಾಹಸ ಮಾಡಲಿಲ್ಲ, ಕಷಾಯ ಮಾಡಿಸಿ ಒಂದು ಗೋಡೆಗೆ ಬಳಿಸಿದೆ. ಬಳಿದ ಆಳಿಗೆ ತಲೆ ಸುತ್ತಿ ವಾಂತಿಯಾಯಿತು, ಉಣ್ಣೆ ಎರಡು ದಿನ ಪಕ್ಕದ ಗೋಡೆಗೆ ಹೋಗಿತ್ತು ಅಷ್ಟೇ. ಅದೂ ರೇಷ್ಮೆ ಹುಳುವಿಗೆ ವಿಷವೇ ಆದ್ದರಿಂದ ಉಳಿದ ಪುಡಿಯನ್ನು ಹಿಂದಕ್ಕೆ ಕಳುಹಿಸಿದೆ.

ಹಣ ವ್ಯರ್ಥವಾದ ಉಪಾಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮೈಸೂರಿನ ಗೆಳೆಯರದು. ನಾಯಿಗಳನ್ನು ಬೇರೆಡೆಗೆ ಸಾಗಿಸಿ ಮೂರು ತಿಂಗಳು ಕೊಟ್ಟಿಗೆ ಖಾಲಿ ಬಿಡಿ, ರಕ್ತ ಸಿಗದೆ ತಾವೇ ಸಾಯುತ್ತವೆ ಎಂದರು. ಊರ ಹೊರಗಿನ ಒಂದು ಶೆಡ್ ಬಾಡಿಗೆಗೆ ಹಿಡಿದು ಹಾಗೇ ಮಾಡಿದೆ. ಮರಳಿ ಬಂದ ವಾರದೊಳಗೆ ಲ್ಯಾಬ್ರಡಾರಿನ ಕಿವಿಯೊಳಗೆ ದ್ರಾಕ್ಷಿಗೊಂಚಲಿನಂತೆ ತೂಗುತ್ತಿದ್ದವು. ಬೆಳೆದ ಕಂದು ಉಣ್ಣೆ ಏನನ್ನೂ ಕುಡಿಯದೆ ವರ್ಷಕ್ಕೂ ಮೀರಿ ಬದುಕಬಲ್ಲದು ಎಂಬುದನ್ನು ಯಾರೂ ಹೇಳಿರಲಿಲ್ಲ. ಬಾಡಿಗೆ, ಸಾಗಾಣಿಕೆ, ವಾಪಸು ಕಳುಹಿಸಿದ ಅತಿಥಿಗಳ ಮುಂಗಡ ಎಲ್ಲ ಸೇರಿ ಮೂವತ್ತು ಸಾವಿರಕ್ಕೆ ಹತ್ತಿರ.

ಅದೇ ವರ್ಷ ಜರ್ಮನ್ ಶೆಫರ್ಡಿಗೆ ಉಣ್ಣೆ ಜ್ವರ ಬಂತು. ಮೊದಲು ಊಟ ಬಿಟ್ಟಿತು, ಒಸಡು ಬಿಳಿಚಿತು, ಒಂದು ಬೆಳಿಗ್ಗೆ ಮೂಗಿನಿಂದ ರಕ್ತ ಇಳಿಯಿತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಕುಸಿದಿತ್ತು. ಉಣ್ಣೆ ಹರಡುವ ಎರ್ಲಿಕಿಯಾ ಎಂಬ ರೋಗಾಣುವಿನದು ಎಂದು ತಿಳಿದು ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಟ್ಟೆವು. ನಾಯಿ ಉಳಿಯಿತು, ಹದಿನೆಂಟು ಸಾವಿರ ಖರ್ಚಾಯಿತು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಉಣ್ಣೆಯಿಂದಲೇ ಬರುವ ಇನ್ನೊಂದು ರೋಗ, ಬೆಬೇಸಿಯಾ ಇರಬಹುದು, ಅದರ ಮದ್ದೇ ಬೇರೆ. ಎರಡಕ್ಕೂ ಒಂದೇ ಮಾತ್ರೆ ನುಂಗಿಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಆ ನಾಯಿಯ ಪಕ್ಕದಲ್ಲಿ ರಾತ್ರಿ ಕಾವಲು ಕೂತಿದ್ದಾಗ ಗೋಡೆಗಳನ್ನು ಗಮನಿಸಲು ಬಿಡುವು ಸಿಕ್ಕಿತು. ರಕ್ತ ಕುಡಿದು ಉಬ್ಬಿದ ಹೆಣ್ಣುಗಳು ಕೆಳಗೆ ಬಿದ್ದ ಮೇಲೆ ನೆಲದಲ್ಲಿ ನಿಲ್ಲುತ್ತಿರಲಿಲ್ಲ, ಗೋಡೆ ಹತ್ತುತ್ತಿದ್ದವು. ಆಳೆತ್ತರದ ಮೇಲಿನ ಕಲ್ಲಿನ ಸಂದುಗಳಲ್ಲಿ, ತೊಲೆ ಗೋಡೆಗೆ ಕೂಡುವ ಜಾಗದಲ್ಲಿ, ಹೆಂಚಿನ ಅಡಿಯ ರೀಪುಗಳ ಹಿಂದೆ ಅವು ಸೇರಿಕೊಂಡು ಮೊಟ್ಟೆಯಿಡುತ್ತಿದ್ದವು. ಒಂದೊಂದು ಸಾವಿರಗಟ್ಟಲೆ ಇಡುತ್ತದೆ. ನಾವು ಫಿನಾಯಿಲ್ ಹಾಕಿ ತೊಳೆಯುತ್ತಿದ್ದುದು ನೆಲವನ್ನು, ತೋಯಿಸುತ್ತಿದ್ದುದು ನಾಯಿಯನ್ನು, ಅವು ವಾಸವಿದ್ದುದು ನಮ್ಮ ತಲೆಯ ಮೇಲೆ.

ಹಾಗಾಗಿ ಕೆಲಸವನ್ನು ಗೋಡೆಯಿಂದ ಆರಂಭಿಸಿದೆ. ರೇಷ್ಮೆ ಮನೆಯವರು ಚಂದ್ರಿಕೆಗೆ ಅಂಟಿದ ಜೋಳು (ಗೂಡಿನ ಸಡಿಲ ಎಳೆ) ಸುಡಲು ಇಟ್ಟುಕೊಂಡಿದ್ದ ಫ್ಲೇಮ್ ಗನ್ ಅನ್ನು ಎರವಲು ತಂದು, ನಾಯಿಗಳನ್ನು ಹೊರಗೆ ಕಟ್ಟಿ, ಹುಲ್ಲು ಗೋಣಿಗಳನ್ನೆಲ್ಲ ತೆಗೆಸಿ, ಕಲ್ಲಿನ ಸಂದುಗಳಿಗೆ ಬೆಂಕಿ ಹಾಯಿಸಿದೆವು. ಚಟಪಟ ಸಿಡಿಯುವ ಸದ್ದಿನಿಂದಲೇ ಎಲ್ಲಿ ಎಷ್ಟಿವೆ ಎಂದು ಗೊತ್ತಾಗುತ್ತಿತ್ತು. ಮರ ಇರುವ ಕಡೆ ಬೆಂಕಿ ಕೂಡದು. ಅಲ್ಲಿ ರೀಪುಗಳನ್ನು ಬಿಚ್ಚಿಸಿ, ಬಿಸಿನೀರು ಹೊಯ್ದು, ಕೆಲವನ್ನು ಬದಲಾಯಿಸಿದೆ. ಅನಂತರ ನೆಲದಿಂದ ಹೆಂಚಿನ ತನಕ ಸಂದುಗಳಿಗೆ ಸಿಮೆಂಟು ತುಂಬಿಸಿ ಮೇಲೆ ನುಣ್ಣನೆಯ ಗಾರೆ ಮಾಡಿಸಿದೆ. "ದೇವ್ರ ಮನೆಗೂ ಜನ ಇಷ್ಟು ನುಣ್ಣಗೆ ಮಾಡ್ಸಲ್ಲ ಸಾಮಿ, ನಾಯಿಗ್ಯಾಕೆ" ಎಂದು ಮೇಸ್ತ್ರಿ ಕೆಲಸ ಮುಗಿಯುವವರೆಗೂ ಗೊಣಗುತ್ತಲೇ ಇದ್ದ. ಗೋಡೆಯ ನೆತ್ತಿಯಲ್ಲಿ, ಗಾರೆ ಮುಗಿದು ಹೆಂಚು ಶುರುವಾಗುವಲ್ಲಿ, ನಾನೊಂದು ಪಟ್ಟಿ ಕಟ್ಟಿಸಿದ್ದೇನೆ. ಹತ್ತಿ ಬಂದದ್ದು ಅದನ್ನು ದಾಟಲಾರದೆ ಅಲ್ಲೇ ಗುಂಪುಗೂಡುತ್ತದೆ, ಬೆಳಿಗ್ಗೆ ಸಾಬೂನು ನೀರಿನ ಡಬ್ಬಿಗೆ ಗುಡಿಸಿಕೊಳ್ಳಬಹುದು. ಅದನ್ನು ಯಾವುದರಿಂದ ಮಾಡಿದ್ದೆಂದು ಬರೆಯುವುದಿಲ್ಲ. ಬಂದು ನೋಡಿದವರಿಗೆ ಹೇಳಿದ್ದೇನೆ, ಬರುವವರಿಗೂ ಹೇಳುತ್ತೇನೆ.

ಇಷ್ಟಾದ ಮೇಲೆ ಎಲ್ಲರೂ ಬೇಡವೆಂದ ಹೆಜ್ಜೆ. ನಾಲ್ಕೂ ನಾಯಿಗಳಿಗೆ ವೈದ್ಯರಿಂದ ತೂಕಕ್ಕೆ ತಕ್ಕಂತೆ ಬರೆಸಿಕೊಂಡು, ಕಚ್ಚಿದ ಉಣ್ಣೆಯನ್ನು ಕೊಲ್ಲುವ ಫ್ಲೂರಾಲೇನರ್ ಮಾತ್ರೆ ನುಂಗಿಸಿ, ಅವನ್ನು ಅದೇ ಕೊಟ್ಟಿಗೆಯಲ್ಲಿ, ಅದೇ ಗೋಡೆಯ ಬುಡದಲ್ಲಿ ಮಲಗಿಸಿದೆ. ಉಳಿದ ಉಣ್ಣೆಗಳಿಗೆ ಬೇರೆ ಊಟವಿಲ್ಲ. ಹಸಿದು ಇಳಿದು ಬಂದದ್ದು ಕಚ್ಚಲೇಬೇಕು, ಕಚ್ಚಿದರೆ ಒಂದೆರಡು ದಿನದೊಳಗೆ ಸಾಯಲೇಬೇಕು. ಉಣ್ಣೆ ತುಂಬಿದ ಜಾಗಕ್ಕೆ ನಾಯಿಯನ್ನೇ ಮೇವಾಗಿ ಕಟ್ಟುವವರುಂಟೇ ಎಂದು ಗೆಳೆಯರೊಬ್ಬರು ಕೋಪಿಸಿಕೊಂಡು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಅವರ ಆತಂಕ ಸುಳ್ಳೇನಲ್ಲ: ಮಾತ್ರೆ ಕಚ್ಚುವುದನ್ನು ತಡೆಯುವುದಿಲ್ಲ, ಆದ್ದರಿಂದ ರೋಗ ತಗಲುವ ಸಾಧ್ಯತೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಅದಕ್ಕೇ ಮೊದಲು ಬೆಂಕಿ, ಗಾರೆ, ಆಮೇಲೆ ಮಾತ್ರೆ. ಈ ಕ್ರಮ ಹಿಂದುಮುಂದಾಗಬಾರದು.

ಮೊದಲ ಎರಡು ವಾರ ಮೈಮೇಲೆ ಒಣಗಿದ ಉಣ್ಣೆಗಳು ಸಾಕಷ್ಟು ಸಿಕ್ಕವು. ಔಷಧ ಕೆಲಸ ಮಾಡುತ್ತಿಲ್ಲವೆಂದು ಬಹಳ ಮಂದಿ ಕೈಬಿಡುವುದು ಈ ಹಂತದಲ್ಲೇ. ಕಿತ್ತು ನೋಡಿ: ಕಾಲು ಆಡಿಸದಿದ್ದರೆ ಕೆಲಸ ಆಗುತ್ತಿದೆ. ಎರಡನೆಯ ತಿಂಗಳಿಗೆ ವಿರಳವಾದವು, ಮೂರನೆಯ ತಿಂಗಳ ಕೊನೆಗೆ, ಅಂದರೆ ಮಾತ್ರೆಯ ಹನ್ನೆರಡು ವಾರದ ಅವಧಿ ಮುಗಿಯುವ ಹೊತ್ತಿಗೆ, ಹುಡುಕಿದರೆ ಒಂದೋ ಎರಡೋ. ಎರಡನೆಯ ಮಾತ್ರೆಯ ಅವಧಿಯಲ್ಲಿ ಅವೂ ಇರಲಿಲ್ಲ. ಮಾತ್ರೆಯನ್ನು ಹೊಟ್ಟೆ ತುಂಬ ಊಟದ ಜೊತೆಗೇ ಕೊಡಬೇಕು, ಬರಿ ಹೊಟ್ಟೆಯಲ್ಲಿ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ನಮ್ಮ ಮುಧೋಳಗಳು ಮಾತ್ರೆಯ ವಾಸನೆ ಹಿಡಿದು ಉಗುಳುತ್ತಿದ್ದವು. ಬಿಸಿ ಮುದ್ದೆಯ ನಡುವೆ ಮೂಳೆ ಸಾರಿನ ಗಟ್ಟಿಯ ಜೊತೆ ಅಡಗಿಸಿ ಕೊಡುತ್ತೇನೆ.

ಮೈ ನೋಡಿಕೊಳ್ಳುವುದರಲ್ಲೂ ಪದ್ಧತಿ ಬದಲಾಯಿತು. ಮೊದಲು ಸ್ನಾನ ಹೆಚ್ಚು, ಬಾಚುವುದು ಕಡಿಮೆ ಇತ್ತು. ಈಗ ತಿಂಗಳಿಗೊಂದು ಸ್ನಾನ, ದಿನ ಬಿಟ್ಟು ದಿನ ಬಾಚಣಿಗೆ. ಶೆಫರ್ಡಿಗೆ ಒಳಗೂದಲು ಕೀಳುವ ಹಲ್ಲಿನ ಬಾಚಣಿಗೆ, ಆಮೇಲೆ ಎಲ್ಲಕ್ಕೂ ನಮ್ಮ ಸಂತೆಯ ಸೀರಣಿಗೆ. ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಒರೆಸಿದಾಗ ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ಮಣ್ಣಾದರೆ ಮಣ್ಣಾಗಿಯೇ ಉಳಿಯುತ್ತದೆ. ಚಿಗಟ ಕಂಡ ನಾಯಿಗೆ ಲಾಡಿಹುಳುವಿನ ಮಾತ್ರೆಯನ್ನೂ ಸೇರಿಸಿ ಕೊಡಿಸಿ, ಚಿಗಟ ನುಂಗಿಯೇ ಅದು ಹೊಟ್ಟೆ ಸೇರುವುದು. ಸೆಖೆಗೆಂದು ಶೆಫರ್ಡು, ಲ್ಯಾಬ್ರಡಾರುಗಳ ಕೂದಲನ್ನು ನುಣ್ಣಗೆ ಬೋಳಿಸುವವರ ವಾದ ನನಗೆ ಒಪ್ಪಿಗೆಯಿಲ್ಲ. ಆ ಕೂದಲು ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದ್ದು ಕೆಲವೊಮ್ಮೆ ಸರಿಯಾಗಿ ಮರಳಿ ಬರುವುದೂ ಇಲ್ಲ. ಸತ್ತ ಒಳಗೂದಲನ್ನು ಬಾಚಿ ತೆಗೆದರೆ ಸಾಕು, ಗಾಳಿಯಾಡುತ್ತದೆ. ಸ್ನಾನವಾದ ಮೇಲೆ ಬುಡದ ತನಕ ಒಣಗಿಸದಿದ್ದರೆ ಲ್ಯಾಬ್ರಡಾರಿನ ಬಾಲದ ಬುಡದಲ್ಲಿ, ಕಿವಿಯಲ್ಲಿ ಹುಣ್ಣಾಗುತ್ತದೆ. ಎರಡು ಬಕೆಟ್ ನೀರಿಗಿಂತ ಒಂದು ಬ್ಲೋವರ್ ಮೇಲು.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಉಣ್ಣೆ ಉಸಿರಿನ ಇಂಗಾಲದ ಡೈಆಕ್ಸೈಡಿನ ಜಾಡು ಹಿಡಿದು ಬರುತ್ತದೆ ಎಂದು ತಿಳಿದು, ಮಂಡ್ಯದಲ್ಲಿ ಬೆಲ್ಲಕ್ಕೇನು ಬರವೆಂದು, ಬೆಲ್ಲದ ನೀರಿಗೆ ಈಸ್ಟ್ ಹಾಕಿ ಕ್ಯಾನಿನಲ್ಲಿ ಹುಳಿಯಲು ಬಿಟ್ಟು ಸುತ್ತ ಅಂಟು ಪಟ್ಟಿ ಹಚ್ಚಿಟ್ಟೆ. ಬೆಳಿಗ್ಗೆ ನಾಲ್ಕೈದು ಉಣ್ಣೆ ಅಂಟಿದ್ದವು, ಇರುವೆಗಳು ಲೆಕ್ಕವಿಲ್ಲದಷ್ಟು. ಗೋಡೆ ಖಾಲಿಯಾಗಿದೆಯೇ ಎಂದು ಪರೀಕ್ಷಿಸಲು ಈಗಲೂ ವರ್ಷಕ್ಕೊಮ್ಮೆ ಇಡುತ್ತೇನೆ. ನಾಟಿ ಕೋಳಿ ಉಣ್ಣೆ ಹೆಕ್ಕುತ್ತದೆ ಎಂಬುದು ನಿಜ, ಆದರೆ ಮುಧೋಳ ಇರುವ ಮನೆಯಲ್ಲಿ ಕೋಳಿಯ ಆಯಸ್ಸು ಕಡಿಮೆ. ಬೇವಿನ ಎಣ್ಣೆಯನ್ನು ಕೊಬ್ಬರಿ ಎಣ್ಣೆಗೆ ತೆಳುವಾಗಿ ಬೆರೆಸಿ ಹಚ್ಚಿದರೆ ಕೂದಲಿಗೆ ಹೊಳಪು ಬರುತ್ತದೆ, ಉಣ್ಣೆಗೆ ಅದರ ಪರಿವೆಯೇ ಇಲ್ಲ.

ಹಣದ ಲೆಕ್ಕ ಕೇಳುವವರಿಗೆ: ಗಾರೆ, ರೀಪು, ಕೂಲಿ ಸೇರಿ ನಲವತ್ತು ಸಾವಿರಕ್ಕೆ ತುಸು ಕಡಿಮೆ, ಅದು ಒಂದೇ ಸಲದ ಖರ್ಚು. ಮಾತ್ರೆ ಒಂದಕ್ಕೆ ಎರಡೂವರೆಯಿಂದ ಮೂರು ಸಾವಿರ. ನಾಲ್ಕು ನಾಯಿಗಳಿಗೆ ವರ್ಷಕ್ಕೆ ನಲವತ್ತೈದು ಸಾವಿರ ಮುಟ್ಟುತ್ತದೆ. ಔಷಧದ ಸ್ನಾನಕ್ಕಿಂತ ಇದು ಅಗ್ಗವೆಂದು ನಾನು ಹೇಳುವುದಿಲ್ಲ. ಆದರೆ ಆಮೇಲೆ ಉಣ್ಣೆ ಜ್ವರಕ್ಕೆಂದು ಒಂದು ರೂಪಾಯಿ ಕೊಟ್ಟಿಲ್ಲ, ದಸರೆಯ ಜಾಗಗಳು ಆಗಸ್ಟಿನಲ್ಲೇ ತುಂಬುತ್ತಿವೆ, ದಿನದ ದರವನ್ನು ನೂರೈವತ್ತು ಏರಿಸಿದರೂ ಯಾರೂ ತಕರಾರು ತೆಗೆದಿಲ್ಲ.

ಈಗ ಉಣ್ಣೆ ಬರುವುದಿದ್ದರೆ ಅತಿಥಿಯ ಮೈಮೇಲೆ ಮಾತ್ರ. ಆದ್ದರಿಂದ ಬರುವ ನಾಯಿಗೆ ಎರಡು ದಿನ ಮೊದಲೇ ಮಾತ್ರೆಯಾಗಿರಬೇಕು, ಗೇಟಿನ ಬಳಿಯ ಸಿಮೆಂಟು ಕಟ್ಟೆಯ ಮೇಲೆ ಯಜಮಾನರ ಎದುರಿನಲ್ಲೇ ಸೀರಣಿಗೆ ಎಳೆಯುತ್ತೇವೆ, ಕಂಡದ್ದನ್ನು ಚಿಮುಟದಿಂದ ನೆಟ್ಟಗೆ ಎಳೆದು ಸ್ಪಿರಿಟ್ ಸೀಸೆಗೆ ಹಾಕುತ್ತೇವೆ. ಫಿಟ್ಸ್ ಬರುವ ನಾಯಿಗಳಿಗೆ ಫ್ಲೂರಾಲೇನರ್ ಗುಂಪಿನ ಮಾತ್ರೆ ಆಗುವುದಿಲ್ಲ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಅಂಥವುಗಳಿಗೂ ಸಣ್ಣ ಮರಿಗಳಿಗೂ ವೈದ್ಯರು ಹೇಳಿದ ಬೇರೆ ಮದ್ದು ಹಾಕಿಸಿ ಗೇಟಿನ ಪಕ್ಕದ ಪ್ರತ್ಯೇಕ ಕೋಣೆಯಲ್ಲಿ ಇಡುತ್ತೇವೆ. ಬಾಚಲು ಒಪ್ಪದ ಯಜಮಾನರು ಕಾರಿನಲ್ಲಿ ಬಂದ ದಾರಿಯಲ್ಲೇ ಮರಳಬಹುದು, ಮುಂಗಡವನ್ನು ಅಲ್ಲೇ ಎಣಿಸಿ ಕೊಡುತ್ತೇವೆ.