ತಲೆಗೆ ಪೆಟ್ಟಾದ ನಂತರ ಫಿಟ್ಸ್ ಮಾತ್ರೆ: ಮನೆಯವರು ಗಮನಿಸಬೇಕಾದದ್ದು

ತಲೆಗೆ ತೀವ್ರ ಪೆಟ್ಟಾದವರ ಡಿಸ್ಚಾರ್ಜ್ ಚೀಟಿಯಲ್ಲಿ ಫೆನಿಟಾಯಿನ್ ಅಥವಾ ಲೆವೆಟಿರಾಸಿಟಾಮ್ ಎಂದು ಬರೆದಿದ್ದರೆ, ಅದು ಫಿಟ್ಸ್ ಬಂದದ್ದಕ್ಕೆ ಕೊಟ್ಟದ್ದೋ ಬಾರದಿರಲೆಂದು ಕೊಟ್ಟದ್ದೋ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು. ಮಾತ್ರೆ ಎಷ್ಟು ದಿನ ಬೇಕೆಂಬುದು ಈ ಉತ್ತರವನ್ನೇ ಅವಲಂಬಿಸಿದೆ.

ಅಮೆರಿಕದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪೆಟ್ಟಾದ ಮೊದಲ ವಾರ ಫಿಟ್ಸ್ ಬಂದವರ ಪ್ರಮಾಣ ಫೆನಿಟಾಯಿನ್ ಪಡೆದವರಲ್ಲಿ ಶೇ. 3.6, ಪಡೆಯದವರಲ್ಲಿ ಶೇ. 14.2 ಇತ್ತು; ಆದರೆ ಆ ವಾರ ಕಳೆದ ಮೇಲೆ ಔಷಧಿಯಿಂದ ಯಾವ ಲಾಭವೂ ಕಾಣಲಿಲ್ಲ. ಆದ್ದರಿಂದಲೇ ಮುನ್ನೆಚ್ಚರಿಕೆಯ ಮಾತ್ರೆಯನ್ನು ಸಾಮಾನ್ಯವಾಗಿ ಏಳು ದಿನಗಳಿಗೆ ಸೀಮಿತಗೊಳಿಸುತ್ತಾರೆ. ಒಮ್ಮೆಯೂ ಫಿಟ್ಸ್ ಬಾರದವರು ತಿಂಗಳುಗಟ್ಟಲೆ ಅದನ್ನೇ ನುಂಗುತ್ತಿದ್ದರೆ, ನಿಲ್ಲಿಸುವ ದಿನಾಂಕವನ್ನು ವೈದ್ಯರಿಂದ ಬರೆಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಏಳು ದಿನಗಳ ನಂತರ ಫಿಟ್ಸ್ ಬಂದವರ ವಿಷಯ ಬೇರೆ: ಅವರಲ್ಲಿ ಅದು ಮರುಕಳಿಸುವ ಸಾಧ್ಯತೆ ಹೆಚ್ಚು, ಆದುದರಿಂದ ದೀರ್ಘಕಾಲದ ಚಿಕಿತ್ಸೆ ಬೇಕಾಗುತ್ತದೆ.

ಈ ಔಷಧಿಗಳ ಅಡ್ಡಪರಿಣಾಮಗಳು ತಲೆಪೆಟ್ಟಿನ ಲಕ್ಷಣಗಳಂತೆಯೇ ಕಾಣುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತೊಡಕು. ಲೆವೆಟಿರಾಸಿಟಾಮ್‌ನಿಂದ ಸಿಡುಕು, ಖಿನ್ನತೆ, ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಯೂ ಬರಬಹುದು. ಫೆನಿಟಾಯಿನ್ ಪ್ರಮಾಣ ಹೆಚ್ಚಾದರೆ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಮಂಪರು ಕವಿಯುತ್ತದೆ. 'ಪೆಟ್ಟಾದ ಮೇಲೆ ಹೀಗಾಗಿದ್ದಾನೆ' ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ. ಮಾತ್ರೆ ಶುರುವಾದ ದಿನ, ಡೋಸ್ ಬದಲಾದ ದಿನ, ವರ್ತನೆ ಬದಲಾದ ದಿನ ಇವನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ, ಕಾರಣ ಯಾವುದೆಂದು ಊಹಿಸಲು ವೈದ್ಯರಿಗೆ ಸುಲಭವಾಗುತ್ತದೆ. ಫೆನಿಟಾಯಿನ್ ಅನ್ನು ವಿಭಜಿಸುವ ಯಕೃತ್ತಿನ ಸಾಮರ್ಥ್ಯಕ್ಕೆ ಮಿತಿಯಿರುವುದರಿಂದ, ಡೋಸನ್ನು ಸ್ವಲ್ಪವೇ ಏರಿಸಿದರೂ ರಕ್ತದಲ್ಲಿ ಅದರ ಮಟ್ಟ ವಿಪರೀತ ಏರಬಹುದು. ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು. ವರ್ಷಗಟ್ಟಲೆ ಸೇವಿಸುವವರಲ್ಲಿ ವಸಡು ಊದುತ್ತದೆ, ಮೂಳೆಯೂ ಸವೆಯಬಹುದು.

ಫಿಟ್ಸ್‌ಗೆ ಕೊಡುವ ಇನ್ನೊಂದು ಔಷಧಿಯಾದ ವಾಲ್ಪ್ರೊಯೇಟ್ ಯಕೃತ್ತಿಗೆ ಹಾನಿ ಮಾಡಬಲ್ಲದು, ಗರ್ಭದಲ್ಲಿರುವ ಶಿಶುವಿಗಂತೂ ಅಪಾಯಕಾರಿ; ಮಕ್ಕಳಾಗುವ ವಯಸ್ಸಿನ ಮಹಿಳೆಯರು ಬೇರೆ ಔಷಧಿಯ ಬಗ್ಗೆ ಮೊದಲೇ ಚರ್ಚಿಸಬೇಕು. ಫೆನಿಟಾಯಿನ್ ಮತ್ತು ಕಾರ್ಬಮಾಜೆಪಿನ್ (ಇದೂ ಫಿಟ್ಸ್ ಔಷಧಿಯೇ) ಗರ್ಭನಿರೋಧಕ ಗುಳಿಗೆಯ ಪರಿಣಾಮವನ್ನು ಕುಗ್ಗಿಸುತ್ತವೆ. ಇವೆರಡರಲ್ಲಿ ಯಾವುದನ್ನಾದರೂ ಆರಂಭಿಸಿದ ಮೊದಲ ಎರಡು ತಿಂಗಳಲ್ಲಿ ಜ್ವರದೊಂದಿಗೆ ಚರ್ಮದ ಮೇಲೆ ದದ್ದು, ಬಾಯಲ್ಲಿ ಹುಣ್ಣು ಅಥವಾ ಕಣ್ಣು ಕೆಂಪಾಗುವುದು ಕಂಡರೆ, ಮುಂದಿನ ಡೋಸಿಗೂ ಮೊದಲೇ ಆಸ್ಪತ್ರೆಗೆ ಹೋಗಬೇಕು.

ಇಂಥ ತುರ್ತು ಬಿಟ್ಟರೆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಸಂಚಕಾರವಾಗಬಹುದು; ಡೋಸನ್ನು ಹಂತಹಂತವಾಗಿ ಇಳಿಸುವ ಕ್ರಮವನ್ನು ನರರೋಗ ತಜ್ಞರೇ ಹೇಳಬೇಕು.

ಫಿಟ್ಸ್ ಬಂದಾಗ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಸಮಯ ನೋಡಿಕೊಳ್ಳಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಐದು ನಿಮಿಷ ದಾಟಿದರೆ, ಅಥವಾ ಪೆಟ್ಟಾದ ಮೇಲೆ ಇದೇ ಮೊದಲ ಸಲವಾದರೆ, 108ಕ್ಕೆ ಕರೆ ಮಾಡಿ.