ಅಂಗಡಿಯವರೇ ಆರಿಸಿಕೊಟ್ಟ ಶೂ ಓಟಕ್ಕೆ ಆಗಲಿಲ್ಲವೇ? ದುಡ್ಡು ವಾಪಸ್ ಕೇಳುವುದು ಹೀಗೆ

ಧಾರವಾಡದ ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನಕ್ಕೆ ಒಮ್ಮೆ ಬೆಳಿಗ್ಗೆ ಬೇಗ ಹೋಗಿ ನೋಡಿ. ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗರು, ಹುಡುಗಿಯರು ಸುತ್ತು ಹೊಡೆಯುತ್ತಿರುತ್ತಾರೆ. ಊರಿಂದ ಬಂದ ದುಡ್ಡಿನಲ್ಲಿ ಊಟ, ರೂಮು, ಕೋಚಿಂಗ್ ಎಲ್ಲ ಕಳೆದು ಉಳಿದದ್ದರಲ್ಲಿ ಶೂ ಕೊಂಡವರು ಇವರು. ಅಂಗಡಿಯಲ್ಲಿ 'ರನ್ನಿಂಗಿಗೆ ಇದ ಬೆಸ್ಟ್ ನೋಡ್ರಿ, ಕಣ್ಣು ಮುಚ್ಚಿ ಒಯ್ರಿ' ಅಂದದ್ದನ್ನು ನಂಬಿರುತ್ತಾರೆ. ವಾರ ಕಳೆಯುವುದರೊಳಗೆ ಹಿಮ್ಮಡಿ ಸುಲಿದು, ಹೆಬ್ಬೆರಳಿನ ಉಗುರು ಕಪ್ಪಾಗಿ, ಮೊಣಕಾಲಿನ ಕೆಳಗೆ ನೋವು ಶುರುವಾಗುತ್ತದೆ. ವಾಪಸ್ ಒಯ್ದರೆ ಬಿಲ್ಲಿನ ಕೆಳಗಿನ ಸಾಲಿಗೆ ಬೆರಳಿಟ್ಟು ತೋರಿಸುತ್ತಾರೆ: 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ'. ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ಕೈಬಿಡಬೇಡಿ. ಕಾನೂನಿನಲ್ಲಿ ನಿಮಗೆ ದಾರಿ ಇದೆ, ಆದರೆ ಆ ದಾರಿ ಶೂ ಕೊಳ್ಳುವಾಗ ನೀವು ಆಡಿದ ಮಾತಿನಿಂದಲೇ ಶುರುವಾಗುತ್ತದೆ.

ಮೊದಲು ನಿಮ್ಮದು ಯಾವ ಕೇಸು ಅಂತ ನೋಡಿಕೊಳ್ಳಿ

ಶೂ ಸರಿಯಾಗೇ ಇದೆ, ಬಣ್ಣ ಇಷ್ಟ ಆಗಲಿಲ್ಲ, ಇಲ್ಲವೇ ಪಕ್ಕದ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು ಅನ್ನುವುದಾದರೆ ನಿಮಗೆ ಕಾನೂನಿನ ಹಕ್ಕಿಲ್ಲ. 'ಏಳು ದಿನದೊಳಗೆ ಏನೇ ಕೊಂಡರೂ ವಾಪಸ್ ಕೊಡಬಹುದು' ಅಂತ ಕೆಲವರು ಹೇಳುತ್ತಾರೆ, ಅಂಥ ಕಾನೂನು ನಮ್ಮಲ್ಲಿಲ್ಲ. ಬದಲಿಸಿಕೊಟ್ಟರೆ ಅದು ಅಂಗಡಿಯವರ ಒಳ್ಳೆಯತನ, ಅಷ್ಟೇ.

ಸೋಲ್ ಬಿಟ್ಟಿದೆ, ಹೊಲಿಗೆ ಬಿಚ್ಚಿದೆ, ಒಂದು ಕಾಲಿನದು ಇನ್ನೊಂದಕ್ಕಿಂತ ಸಣ್ಣದಿದೆ. ಇದು ದೋಷ. ಇಲ್ಲಿ ನಿಮ್ಮ ಕೈ ಮೇಲಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(47) ಪ್ರಕಾರ, ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಎಷ್ಟು ದಿನ ಅಂತ ಬರೆದಿದ್ದರೆ ಅಷ್ಟು ದಿನ, ಬರೆದಿಲ್ಲದಿದ್ದರೆ 30 ದಿನ. ಬಿಲ್ ಕೊಡದಿರುವುದೂ ಅದೇ ಸೆಕ್ಷನ್ನಿನಲ್ಲಿ ತಪ್ಪು ಅಂತ ಇದೆ. ಹಾಗಾಗಿ 'ಬಿಲ್ ಬೇಡ ಅಂದ್ರ ನೂರು ರೂಪಾಯಿ ಕಮ್ಮಿ ಮಾಡ್ತೀನ್ರಿ' ಅಂದರೆ ಒಪ್ಪಬೇಡಿ. ನೂರು ರೂಪಾಯಿ ಉಳಿಸಲು ಹೋಗಿ ಪೂರ್ತಿ ಹಣ ಕಳೆದುಕೊಂಡವರು ಜಾಸ್ತಿ.

ಮೂರನೆಯದು ನಿಜವಾಗಿ ಬಿಸಿ ಮುಟ್ಟಿಸುವ ಕೇಸು. ಶೂ ಎಲ್ಲೂ ಹರಿದಿಲ್ಲ, ಹೊಸದೇ ಇದೆ, ಆದರೆ ಓಡಲಿಕ್ಕೆ ಬರುವುದಿಲ್ಲ. ನೀವು ಓಡಲಿಕ್ಕೆ ಅಂತಲೇ ಕೇಳಿದ್ದಿರಿ, ಅವರು ಇದೇ ಸರಿ ಅಂತ ಕೊಟ್ಟರು.

ಇದಕ್ಕೆ ಹಳೆಯ ಕಾನೂನೊಂದಿದೆ

1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 16 ಇದಕ್ಕೆಂದೇ ಇದೆ ಅನ್ನಬಹುದು. ಮಾಲು ಯಾವ ಕೆಲಸಕ್ಕೆ ಬೇಕು ಅಂತ ನೀವು ಅಂಗಡಿಯವರಿಗೆ ತಿಳಿಸಿದ್ದೀರಿ, ಅವರ ತಿಳಿವಳಿಕೆ ನಂಬಿ ಕೊಳ್ಳುತ್ತಿದ್ದೀರಿ ಅನ್ನುವುದೂ ಅವರಿಗೆ ಗೊತ್ತು, ಅಂಥ ಮಾಲು ಮಾರುವುದೇ ಅವರ ವ್ಯಾಪಾರ. ಹೀಗಿದ್ದರೆ ಆ ಮಾಲು ಆ ಕೆಲಸಕ್ಕೆ ತಕ್ಕಮಟ್ಟಿಗೆ ಯೋಗ್ಯವಾಗಿರಲೇಬೇಕು. ಬಿಲ್ಲಿನಲ್ಲಿ ಬರೆಯದಿದ್ದರೂ ಈ ಷರತ್ತು ಇದ್ದೇ ಇರುತ್ತದೆ.

ಆದರೆ ಅದೇ ಸೆಕ್ಷನ್ನಿನಲ್ಲಿ ಒಂದು ಕೊಕ್ಕೆ ಇದೆ. ನೀವಾಗಿಯೇ ಒಂದು ಕಂಪನಿಯ ಹೆಸರು, ಮಾಡೆಲ್ ಹೇಳಿ 'ಅದನ್ನೇ ಕೊಡಿ' ಅಂತ ಕೇಳಿ ಕೊಂಡಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಯಾಕೆಂದರೆ ಆಗ ಆರಿಸಿದವರು ನೀವು. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಹೋಗಿ ಮಾಡೆಲ್ ಹೆಸರು ಹೇಳುವವರು ಇದನ್ನು ಗಮನದಲ್ಲಿಡಿ. ಮೊದಲು ಕೆಲಸ ಹೇಳಿ, ಆಮೇಲೆ ಅವರೇನು ತೋರಿಸುತ್ತಾರೆ ನೋಡಿ.

ಅಂಗಡಿಯಲ್ಲಿ ಏನು ಹೇಳಬೇಕು, ಏನು ಇಟ್ಟುಕೊಳ್ಳಬೇಕು

'ಸ್ಪೋರ್ಟ್ಸ್ ಶೂ ತೋರಿಸ್ರಿ' ಅಂದರೆ ಸಾಲದು. ಹುಬ್ಬಳ್ಳಿಯ ದುರ್ಗದಬೈಲ್ ಇರಲಿ, ಕೊಪ್ಪಿಕರ್ ರಸ್ತೆ ಇರಲಿ, ಸ್ಪೋರ್ಟ್ಸ್ ಶೂ ಅಂದರೆ ಕಾಲೇಜಿಗೆ ಹಾಕುವುದು, ವಾಕಿಂಗಿಗೆ ಹಾಕುವುದು, ಜಿಮ್ಮಿಗೆ ಹಾಕುವುದು ಎಲ್ಲವೂ ಅದರಲ್ಲೇ ಬರುತ್ತದೆ. 'ದಿನಾ ಐದು ಕಿಲೋಮೀಟರ್ ಓಡ್ತೀನಿ, ಅರ್ಧ ಟಾರ್ ರಸ್ತೆ, ಅರ್ಧ ಮಣ್ಣಿನ ಮೈದಾನ, ನನ್ನದು ಚಪ್ಪಟೆ ಪಾದ' ಅಂತ ಬಿಡಿಸಿ ಹೇಳಿ. ಚಪ್ಪಟೆ ಪಾದ ಹೌದೋ ಅಲ್ಲವೋ ತಿಳಿಯಲು ಒದ್ದೆ ಕಾಲನ್ನು ಒಣ ಕಲ್ಲಿನ ಮೇಲೆ ಇಟ್ಟು ನೋಡಿ. ಅಂಗಾಲು ಪೂರ್ತಿ ಮೂಡಿದರೆ ಬಹುತೇಕ ಹೌದು. ಇದನ್ನು ಹೇಳದೇ ಕೊಂಡು, ಆಮೇಲೆ 'ನನ್ನ ಪಾದಕ್ಕೆ ಹೊಂದಲಿಲ್ಲ' ಅಂದರೆ ನಿಮ್ಮ ಕೇಸು ಸಡಿಲಾಗುತ್ತದೆ. ಶೂ ಓಟದ್ದೇ ಆಗಿತ್ತು, ನಿಮ್ಮ ಪಾದದ ಸಂಗತಿ ನಮಗೆ ಗೊತ್ತಿರಲಿಲ್ಲ ಅಂತ ಅವರು ಹೇಳಬಹುದು, ಆ ಮಾತಿನಲ್ಲಿ ನ್ಯಾಯವೂ ಇದೆ.

ಬಾಯಿಮಾತಿಗೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. ಮಾಲಿನ ಉಪಯೋಗದ ಬಗ್ಗೆ ಬಾಯಲ್ಲಿ ಸುಳ್ಳು ಹೇಳಿ ಮಾರಿದರೂ ಅದು ಅನುಚಿತ ವ್ಯಾಪಾರವೇ ಅಂತ 2019ರ ಕಾಯ್ದೆ ಹೇಳುತ್ತದೆ. ಆದರೆ ಬಾಯಿಮಾತನ್ನು ಸಾಬೀತು ಮಾಡುವುದು ಕಷ್ಟ, ಅಲ್ವಾ? ಅದಕ್ಕೆ ಸುಲಭ ಉಪಾಯ ಅಂದರೆ ಬಿಲ್ಲಿನ ಮೇಲೆ 'ರನ್ನಿಂಗ್ ಶೂ' ಅಂತ ಬರೆಸಿಕೊಳ್ಳುವುದು. ಪೆನ್ನಿನಲ್ಲಿ ಬರೆದು ಸಹಿ ಮಾಡಿದರೂ ನಡೆಯುತ್ತದೆ. ಹೋಗುವ ಮುಂಚೆ ಅಂಗಡಿಯ ವಾಟ್ಸ್‌ಆ್ಯಪ್‌ಗೆ 'ಓಡಲಿಕ್ಕೆ ಶೂ ಬೇಕು, ಯಾವುದು ಒಳ್ಳೆಯದು' ಅಂತ ಕೇಳಿದರೆ ಇನ್ನೂ ಒಳ್ಳೆಯದು. ಆ ಚಾಟ್ ಅಳಿಸಬೇಡಿ.

ಡಬ್ಬಿ ಎಸೆಯಬೇಡಿ. ಡಬ್ಬಿಯ ಪಕ್ಕದ ಚೀಟಿಯನ್ನು ಓದಿ. ಸೈಜು, ಎಂಆರ್‌ಪಿ, ತಯಾರಕರ ಹೆಸರು, ಗ್ರಾಹಕರು ದೂರು ಹೇಳಬೇಕಾದ ನಂಬರ್ ಅಲ್ಲಿರುತ್ತದೆ. ಎಷ್ಟೋ ಡಬ್ಬಿಗಳ ಮೇಲೆ 'ವಾಕಿಂಗ್' ಅಂತಲೋ 'ಕ್ಯಾಶುವಲ್' ಅಂತಲೋ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಓಟಕ್ಕೆ ಅಂತ ಹೇಳಿ ಅಂಥದ್ದನ್ನು ಕೊಟ್ಟಿದ್ದರೆ ಆ ಚೀಟಿಯೇ ನಿಮ್ಮ ದೊಡ್ಡ ಸಾಕ್ಷಿ.

ಶೂ ಹಾಕಿ ನೋಡುವಾಗ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿ. ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ. ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಿ ನೋಡಿ, ನಾಚಿಕೊಳ್ಳಬೇಡಿ. ಮನೆಗೆ ತಂದ ಮೇಲೂ ಮೊದಲು ಒಳಗೇ ಹಾಕಿಕೊಂಡು ಓಡಾಡಿ. ಸೋಲಿಗೆ ಕೆಂಪು ಮಣ್ಣು ಹತ್ತಿದ ಮೇಲೆ ಅಂಗಡಿಯವರ ಜೊತೆ ವಾದ ಎರಡರಷ್ಟು ಆಗುತ್ತದೆ.

ಆಗುವುದಿಲ್ಲ ಅಂತ ಗೊತ್ತಾದ ದಿನವೇ ಬರೆಯಿರಿ

ತಡ ಮಾಡುವುದೇ ಇಲ್ಲಿ ದೊಡ್ಡ ನಷ್ಟ. ಸಾಕಷ್ಟು ದಿನ ಸುಮ್ನೆ ಇಟ್ಟುಕೊಂಡರೆ ನೀವು ಮಾಲನ್ನು ಒಪ್ಪಿಕೊಂಡಿರಿ ಅಂತಲೇ ಸರಕು ಮಾರಾಟ ಕಾಯ್ದೆ ಲೆಕ್ಕ ಹಾಕುತ್ತದೆ. ಒಪ್ಪಿಕೊಂಡ ಮೇಲೆ ಸಾಮಾನ್ಯವಾಗಿ ಪರಿಹಾರ ಮಾತ್ರ ಕೇಳಬಹುದು, ಮಾಲು ತಿರುಗಿಸಿ ಪೂರ್ತಿ ಹಣ ಕೇಳುವುದು ಕಷ್ಟ. ಆದ್ದರಿಂದ ಓಡುವುದನ್ನು ನಿಲ್ಲಿಸಿ, ಫೋಟೋ ತೆಗೆದು, ಹೀಗೆ ಒಂದು ಸಂದೇಶ ಕಳಿಸಿ:

'ಇಂಥ ದಿನ ನಿಮ್ಮ ಅಂಗಡಿಯಲ್ಲಿ ಇಂಥ ನಂಬರಿನ ಬಿಲ್ಲಿಗೆ ಶೂ ಕೊಂಡಿದ್ದೇನೆ. ದಿನಾ ಐದು ಕಿಲೋಮೀಟರ್ ಓಡಲು ಬೇಕು ಎಂದು ಹೇಳಿದ್ದೆ, ನೀವೇ ಇದನ್ನು ಆರಿಸಿಕೊಟ್ಟಿರಿ. ಡಬ್ಬಿಯ ಮೇಲೆ ವಾಕಿಂಗ್ ಶೂ ಎಂದಿದೆ. ಸೋಲ್ ಬಾಗುತ್ತಿಲ್ಲ, ಓಡುವಾಗ ಹಿಮ್ಮಡಿ ಜಾರುತ್ತಿದೆ. ಇದನ್ನು ನಾನು ಒಪ್ಪುತ್ತಿಲ್ಲ. ಹಣ ವಾಪಸ್ ಕೊಡಿ. ಶೂ, ಡಬ್ಬಿ ಎರಡೂ ನನ್ನ ಬಳಿ ಇವೆ.'

'ಒಪ್ಪುತ್ತಿಲ್ಲ' ಅನ್ನುವ ಮಾತು ಅದರಲ್ಲಿ ಇರಲೇಬೇಕು. ಆಮೇಲೆ ಅಂಗಡಿಗೆ ಹೋಗಿ ಮಾಲೀಕರ ಜೊತೆಯೇ ಮಾತಾಡಿ, ಕೆಲಸದ ಹುಡುಗರ ಮೇಲೆ ರೇಗಬೇಡಿ. ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಹೋದರೆ ಮಾತು ಬೇಗ ಮುಗಿಯುತ್ತದೆ. ಬದಲಿಗೆ ಒಳ್ಳೆಯ ರನ್ನಿಂಗ್ ಶೂ ಕೊಡುತ್ತಾರೆ ಅಂದರೆ ತೆಗೆದುಕೊಳ್ಳಿ, ಅದೇ ಬೇಗ ಆಗುವ ಕೆಲಸ. ಆದರೆ ಶೂನಲ್ಲಿ ದೋಷ ಇದ್ದು, ಅವರು ಹಣದ ಬದಲು ಕ್ರೆಡಿಟ್ ನೋಟ್ (ಅಷ್ಟೇ ಬೆಲೆಗೆ ಅದೇ ಅಂಗಡಿಯಲ್ಲಿ ಬೇರೆ ಮಾಲು ಕೊಳ್ಳುವ ಚೀಟಿ) ಕೊಟ್ಟು ಕಳಿಸಲು ನೋಡಿದರೆ ಒಪ್ಪಬೇಕಾಗಿಲ್ಲ. ಕಾನೂನು ಹೇಳುವುದು ಹಣ ವಾಪಸ್ ಅಂತ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳಿವೆ. ದೋಷ ಇದ್ದರೆ, ಇಲ್ಲವೇ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ದರೆ ವಾಪಸ್ ಪಡೆಯಲು ಮಾರಾಟಗಾರ ಒಲ್ಲೆ ಅನ್ನುವಂತಿಲ್ಲ.

ಅಂಗಡಿಯವರು ಜಗ್ಗದಿದ್ದರೆ

1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ದೂರಿಗೆ ಒಂದು ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಅವರು ಆದೇಶ ಮಾಡುವವರಲ್ಲ, ಎರಡೂ ಕಡೆ ಮಾತಾಡಿಸುವವರು.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನಮ್ಮ ಭಾಗದವರಿಗೆ ಇಲ್ಲೊಂದು ಒಳ್ಳೆಯ ಸಂಗತಿ ಇದೆ. ಮುಂಚೆ ಅಂಗಡಿ ಇರುವ ಕಡೆಗೇ ಓಡಾಡಬೇಕಿತ್ತು. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾವೇರಿಯ ಹುಡುಗ ಹುಬ್ಬಳ್ಳಿಯಲ್ಲಿ ಶೂ ಕೊಂಡಿದ್ದರೆ ಹಾವೇರಿ ಆಯೋಗಕ್ಕೇ ಹೋಗಬಹುದು, ಗದಗಿನವರು ಗದಗಿನಲ್ಲೇ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ದೂರು ಸಲ್ಲಿಸಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ವಕೀಲರೂ ಬೇಕೇಬೇಕು ಅಂತಿಲ್ಲ. ಬಿಲ್, ಫೋಟೋ, ಚಾಟ್, 1915ರ ದೂರಿನ ನಂಬರ್ ಜೋಡಿಸಿ, ನಡೆದದ್ದನ್ನು ದಿನಾಂಕದ ಪ್ರಕಾರ ಸರಳವಾಗಿ ಬರೆಯಿರಿ. ಶೂ ಬೆಲೆಯ ಜೊತೆಗೆ ಓಡಾಟದ ಖರ್ಚು, ಕಾಲಿಗೆ ತೋರಿಸಿದ ಡಾಕ್ಟರ್ ಬಿಲ್ ಇದ್ದರೆ ಅದನ್ನೂ ಕೇಳಿ.

ಗಡುವು ಎರಡು ವರ್ಷ. ಲ್ಯಾಬ್ ಪರೀಕ್ಷೆ ಬೇಕಿಲ್ಲದ ಕೇಸನ್ನು ಎದುರಾಳಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆಯಲ್ಲಿದೆ. ಮುಂದೆ ಹೋಗುವುದೂ ಉಂಟು, ತಾಳ್ಮೆ ಬೇಕು. ಅಲ್ಲಿಯವರೆಗೆ ಆ ಶೂ ಮತ್ತೆ ಹಾಕಬೇಡಿ, ರಿಪೇರಿಯನ್ನೂ ಮಾಡಿಸಬೇಡಿ, ಪರೀಕ್ಷೆಗೆ ಕಳಿಸುವುದಿದ್ದರೆ ಅದು ಇದ್ದ ಹಾಗೇ ಇರಬೇಕು.

ಆದೇಶ ನಿಮ್ಮ ಪರ ಬಂದರೆ ಅಂಗಡಿಯವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಅದಕ್ಕೆ ಆದೇಶದ ಮೊತ್ತದ ಅರ್ಧ ಹಣ ಮೊದಲು ಕಟ್ಟಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಅಂತಾದರೆ ಅದೇ ಜಿಲ್ಲಾ ಆಯೋಗದಲ್ಲಿ ಆದೇಶ ಜಾರಿ ಮಾಡಿಸಿ ಅಂತ ಅರ್ಜಿ ಕೊಡಿ. ಆದೇಶ ಪಾಲಿಸದವರಿಗೆ ಸೆಕ್ಷನ್ 72ರ ಪ್ರಕಾರ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.